ಇಸವಿಯ ಕೆಳಗೊಂದು ಚುಕ್ಕಿ

ಜೇಬಿನ ಚಿಲ್ಲರೆಯನ್ನು ಮೇಜಿನ ಮೇಲೆ ಸುರಿದು, ಒಂದು ರೂಪಾಯಿಯ ಬಿಲ್ಲೆಯೆತ್ತಿ ಇಸವಿಯ ಕೆಳಗೆ ನೋಡಿ. ದುಂಡು ಚುಕ್ಕಿ ಕಂಡರೆ ಅದು ನೋಯ್ಡಾ ಟಂಕಸಾಲೆಯದು. ನಕ್ಷತ್ರವಿದ್ದರೆ ಹೈದರಾಬಾದಿನದು. ಇಸ್ಪೀಟಿನ ಡೈಮಂಡಿನಂಥ ಗುರುತಾದರೆ ಮುಂಬಯಿಯದು. ಏನೂ ಇಲ್ಲದೆ ಬೋಳಾಗಿದ್ದರೆ ಕೋಲ್ಕತ್ತದ್ದು. ನಾಣ್ಯ ಕೂಡಿಡುವುದು ದುಡ್ಡಿದ್ದವರ ಶೋಕಿ ಎನ್ನುವವರಿಗೆ ನಾನು ಮೊದಲು ತೋರಿಸುವುದು ಇದನ್ನೇ. ಖರ್ಚು ಒಂದು ರೂಪಾಯಿ. ಬೇಡವೆನಿಸಿದರೆ ಅದನ್ನೂ ಅಂಗಡಿಯಲ್ಲಿ ಚಲಾಯಿಸಬಹುದು!

ವಿಜಯನಗರದ ಚಿನ್ನದ ವರಾಹದ ಬೆನ್ನು ಹತ್ತಿದರೆ ಸಂಬಳದವನ ಗತಿ ಅಷ್ಟೇ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ನಾನು ಆರಿಸಿಕೊಂಡದ್ದು ನಯಾ ಪೈಸೆ. 1957ರ ಏಪ್ರಿಲ್ 1ರಂದು ಆಣೆಯ ಲೆಕ್ಕ ಹೋಗಿ ರೂಪಾಯಿಗೆ ನೂರು ಪೈಸೆಯಾಯಿತು. ಅದಕ್ಕೂ ಹಿಂದೆ ರೂಪಾಯಿಗೆ 64 ಪೈಸೆ. ಎರಡರ ನಡುವೆ ಗೊಂದಲ ಬೇಡವೆಂದು ಹೊಸದಕ್ಕೆ 'ನಯಾ' ಸೇರಿಸಿದರು. 1964ರಲ್ಲಿ ಜನಕ್ಕೆ ರೂಢಿಯಾಯಿತೆಂದು ಆ ಪದ ತೆಗೆದರು. ಆಣೆ ಮಾತ್ರ ನಾಲಗೆ ಬಿಟ್ಟು ಹೋಗಲಿಲ್ಲ. ಐವತ್ತು ಪೈಸೆಯನ್ನು ನಮ್ಮಮ್ಮ ಕೊನೆಯವರೆಗೂ ಎಂಟಾಣೆ ಎಂದೇ ಕರೆದಳು. ಸವೆದ ನಯಾ ಪೈಸೆಯೊಂದು ಇವತ್ತಿಗೂ ತಿಂಡಿ-ಕಾಫಿಯ ದುಡ್ಡಿನಲ್ಲಿ ಸಿಗುತ್ತದೆ.

ಮನೆಯ ಹಳೆಯ ಟ್ರಂಕು, ದೇವರ ಹುಂಡಿ, ಅಜ್ಜಿಯ ಎಲೆಯಡಿಕೆ ಚೀಲಗಳಲ್ಲೂ ಹುಡುಕಿ. ಆರು ಮೂಲೆಯ ಅಲ್ಯೂಮಿನಿಯಂ ಮೂರು ಪೈಸೆ, ತಾವರೆಯಿರುವ ಹಿತ್ತಾಳೆಯ ಇಪ್ಪತ್ತು ಪೈಸೆ ಸಿಕ್ಕಬಹುದು. ಅದೃಷ್ಟವಿದ್ದರೆ ನಡುವೆ ದೊಡ್ಡ ತೂತಿರುವ ತಾಮ್ರದ ಬಣ್ಣದ ಪೈಸೆ. 1943ರಿಂದ 1947ರವರೆಗಿನ ಈ ತೂತುಕಾಸು ಮಹಾಯುದ್ಧದ ಕೂಸು. ಲೋಹ ಉಳಿಸಲು ಹೊಟ್ಟೆಯನ್ನೇ ಕೊರೆದರು. ಇಪ್ಪತ್ತೈದು ಪೈಸೆ ಮತ್ತು ಅದರ ಕೆಳಗಿನವೆಲ್ಲ 2011ರ ಜೂನ್ 30ಕ್ಕೆ ಚಲಾವಣೆಯಿಂದ ಹೋದವು. ಬಸವಣ್ಣನವರ ಐದು ರೂಪಾಯಿ ಬಿಲ್ಲೆ 2006ರದು. ನನಗದು ಸಿಕ್ಕಿದ್ದು ಸೊಪ್ಪಿನಮ್ಮ ಕೊಟ್ಟ ಚಿಲ್ಲರೆಯಲ್ಲಿ.

ಒಂದು ತಪ್ಪೊಪ್ಪಿಗೆ. ಹಣ ಕೂಡಿಟ್ಟು ಟಿಪ್ಪುವಿನ ಕಾಲದ ತಾಮ್ರದ ಪೈಸೆ ಕೊಂಡಿದ್ದೆ. ಒಂದು ಮಗ್ಗುಲಲ್ಲಿ ಆನೆ, ಇನ್ನೊಂದರಲ್ಲಿ ಅದು ಅಚ್ಚಾದ ಊರಿನ ಹೆಸರು ಫಾರಸಿಯಲ್ಲಿ. ಮೈಯೆಲ್ಲ ಕಪ್ಪು-ಹಸಿರು. ಹಬ್ಬದ ತಂಬಿಗೆ ತೊಳೆಯುವ ಹುಣಸೆಹಣ್ಣು ಕೈಯಲ್ಲೇ ಇತ್ತು. ಐದು ನಿಮಿಷ ಉಜ್ಜಿದೆ. ಆನೆ ಫಳಫಳ ಹೊಳೆಯಿತು. ಕೊಂಡ ಅಂಗಡಿಗೇ ಒಯ್ದು ಹೆಮ್ಮೆಯಿಂದ ತೋರಿಸಿದೆ. ಆತ ಭೂತಗನ್ನಡಿ ಕೆಳಗಿಟ್ಟ. "ಪಾತ್ರೆ ತೊಳೆದ್ಹಾಗೆ ತೊಳೆದಿದ್ದೀರಲ್ಲ ಸಾರ್!" ಇನ್ನೂರು ವರ್ಷ ಗಾಳಿ-ಮಣ್ಣು ಕೂಡಿ ಕಟ್ಟಿದ ಪದರವೇ ಅದರ ಬೆಲೆ, ಅದರ ರಕ್ಷೆ. ಅಂದಿನಿಂದ ನಾಣ್ಯವನ್ನು ಅಂಚಿನಲ್ಲಷ್ಟೇ ಹಿಡಿಯುತ್ತೇನೆ, ಕಾಗದದ ಲಕೋಟೆಯಲ್ಲಿಡುತ್ತೇನೆ. ಅಗ್ಗದ ಪಿವಿಸಿ ಹಾಳೆ ತಾಮ್ರಕ್ಕೆ ಅಂಟಂಟು ಹಸಿರು ಹಿಡಿಸುತ್ತದೆ.

ವೈಷ್ಣೋದೇವಿಯ ಚಿತ್ರವಿರುವ ಬಿಲ್ಲೆಗೆ ಲಕ್ಷಗಟ್ಟಲೆ ಕೊಡುತ್ತೇವೆಂಬ ಸಂದೇಶ ನಿಮಗೂ ಬಂದಿರಬಹುದು. ಮೊದಲು ಶುಲ್ಕ ಕಟ್ಟಿ ಎನ್ನುತ್ತಾರೆ, ಕಟ್ಟಿದವರ ದುಡ್ಡು ನೀರುಪಾಲು. ತನ್ನ ಹೆಸರು ಹೇಳಿ ಹೀಗೆ ಮೋಸ ನಡೆಯುತ್ತಿದೆ ಎಂದು ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಸಿದೆ. ಇನ್ನೊಂದು ಎಚ್ಚರಿಕೆ: ನೂರು ವರ್ಷ ದಾಟಿದ ನಾಣ್ಯ ಕಾನೂನಿನ ಕಣ್ಣಿಗೆ ಪ್ರಾಚ್ಯವಸ್ತು, ದೇಶದಾಚೆ ಕಳಿಸುವಂತಿಲ್ಲ. ವಿದೇಶದಲ್ಲಿರುವ ಮಗನಿಗೆ ಪಾರ್ಸೆಲ್ ಮಾಡುವ ಆಸೆ ಬೇಡ.

ನನ್ನ ಲಕೋಟೆಗಳ ಸಾಲಿನಲ್ಲಿ ಒಂದು ಇಸವಿಯ ನಕ್ಷತ್ರ ಇನ್ನೂ ಸಿಕ್ಕಿಲ್ಲ. ಹಾಗಾಗಿ ದರ್ಶಿನಿಯ ಕ್ಯಾಶಿನ ಮುಂದೆ ನಿಂತು ಕೊಟ್ಟ ಚಿಲ್ಲರೆಯನ್ನು ಒಂದೊಂದೇ ತಿರುಗಿಸಿ ನೋಡುತ್ತೇನೆ. ಸರಿಯಾಗಿದೆಯಾ ಎಂದು ಎಣಿಸುತ್ತಿದ್ದೇನೆಂದು ಕ್ಯಾಶಿಯರ್ ಮುಖ ಗಂಟಿಕ್ಕುತ್ತಾನೆ.