ನಿಮಗಿದು ಗೊತ್ತೆ? ಸೈತಾನನಿಗೆ ಹಲವು ಮುಖ

ಕೊಂಬು, ಬಾಲ, ಮೇಕೆಯ ಗೊರಸು: ಸೈತಾನನೆಂದರೆ ಕಣ್ಣಮುಂದೆ ಬರುವುದು ಈ ರೂಪ. ಆದರೆ ಇಂಥ ಮೇಕೆ–ಮನುಷ್ಯನ ವರ್ಣನೆ ಬೈಬಲ್‌ನಲ್ಲಿ ಎಲ್ಲೂ ಇಲ್ಲ.

● ಯೆಹೂದಿಗಳಿಗೂ ಕ್ರೈಸ್ತರಿಗೂ ಪವಿತ್ರವಾದ ಯೋಬನ ಗ್ರಂಥದಲ್ಲಿ ಸೈತಾನ ದೇವರ ಸಭೆಗೇ ಬರುತ್ತಾನೆ. ಯೋಬನ ಭಕ್ತಿ ನಿಸ್ವಾರ್ಥವೇ ಎಂದು ಪ್ರಶ್ನಿಸುತ್ತಾನೆ. ದೇವರ ಅಪ್ಪಣೆಯಿಲ್ಲದೆ ಅವನೇನೂ ಮಾಡಲಾರ.

● ಸೈತಾನ, ಮನುಷ್ಯನೊಳಗಿನ ದುಷ್ಪ್ರೇರಣೆ, ಮೃತ್ಯುದೂತ ಮೂರೂ ಒಂದೇ ಎಂಬುದು ಯೆಹೂದಿಗಳ ಧರ್ಮಗ್ರಂಥ ತಾಲ್ಮುಡ್‌ನಲ್ಲಿ ದಾಖಲಾಗಿರುವ ರಬ್ಬಿ ರೇಶ್ ಲಾಕಿಶ್ ಅವರ ಮಾತು. ಯೆಹೂದಿ ಚಿಂತನೆಯಲ್ಲಿ ಅವನು ದೇವರಿಗೆ ಸರಿಸಾಟಿಯಾದ ಶಕ್ತಿಯಲ್ಲ.

● ಮೊದಲ ಸ್ತ್ರೀ ಹವ್ವಳನ್ನು ಮರುಳು ಮಾಡಿದ ಸರ್ಪವನ್ನು ಬೈಬಲ್‌ನ ಆದಿಕಾಂಡ ಸೈತಾನನೆಂದು ಕರೆಯುವುದಿಲ್ಲ. ಹೊಸ ಒಡಂಬಡಿಕೆಯ ಪ್ರಕಟನೆ ಗ್ರಂಥವು ‘ಪುರಾತನ ಸರ್ಪ’ವೇ ಸೈತಾನ ಎನ್ನುತ್ತದೆ. ಅಲ್ಲಿ ಅವನು ಏಳು ತಲೆ, ಹತ್ತು ಕೊಂಬುಗಳ ಕೆಂಪು ಘಟಸರ್ಪ.

● ಸುವಾರ್ತೆಗಳ ಪ್ರಕಾರ, ಅರಣ್ಯದಲ್ಲಿ 40 ದಿನ ಕಳೆದ ಯೇಸುವನ್ನು ಸೈತಾನ ಶೋಧಿಸಿ ಸೋಲುತ್ತಾನೆ. ಕ್ರಿಸ್ತನಿಂದ ಅವನಿಗೆ ಸೋಲು ಖಚಿತ ಎಂಬುದು ಕ್ರೈಸ್ತ ನಂಬಿಕೆ.

● ಇಟಲಿಯ ರವೆನ್ನಾದ ಸಂತ ಅಪೊಲಿನಾರೆ ನುವೊವೊ ಚರ್ಚ್‌ನಲ್ಲಿ 6ನೇ ಶತಮಾನದ ಮೊಸಾಯಿಕ್ ಚಿತ್ರವಿದೆ. ಅದರಲ್ಲಿ ಮೇಕೆಗಳ ಹಿಂದೆ ನಿಂತ ನೀಲಿ ದೇವದೂತನೇ ಸೈತಾನನೆಂದು ಕೆಲವು ವಿದ್ವಾಂಸರು ಭಾವಿಸುತ್ತಾರೆ. ಅವನಿಗೆ ಕೊಂಬಿಲ್ಲ, ಮುಖದಲ್ಲಿ ಕ್ರೌರ್ಯವೂ ಇಲ್ಲ.

● 14ನೇ ಶತಮಾನದ ಕವಿ ಡಾಂಟೆ ಬಣ್ಣಿಸಿದ ನರಕದ ತಳದಲ್ಲಿ ಬೆಂಕಿಯಿಲ್ಲ. ಮೂರು ಮುಖದ ಸೈತಾನ ಅಲ್ಲಿ ಮಂಜುಗಡ್ಡೆಯಲ್ಲಿ ಹೂತು ನಿಂತಿದ್ದಾನೆ.

ಇಂದು ನಾವು ಕಾಣುವ ಕೊಂಬು–ಗೊರಸಿನ ರೂಪಕ್ಕೆ ಮಧ್ಯಯುಗದ ಯುರೋಪಿನ ಕಲಾವಿದರ ಕಲ್ಪನೆಯೇ ಬಹುಮಟ್ಟಿಗೆ ಮೂಲ.