ಕೀಲೆಣ್ಣೆಯಿಂದ ಆಯಿಲ್ ಸೀಲಿನವರೆಗೆ

ಚಿತ್ರದುರ್ಗ ದಾಟಿ ದಾವಣಗೆರೆ ಕಡೆ ಹೊರಟರೆ ಹೆದ್ದಾರಿಯಿಂದ ಸಿರಿಗೆರೆಗೆ ದಾರಿ ಒಡೆಯುತ್ತದೆ. ಮಠ, ಶಾಲೆ, ಕಾಲೇಜುಗಳ ಊರು ಒಳಗಿದೆ. ಲಾರಿಗಳ ಲೋಕ ಹೊರಗೆ. ಬೆಂಗಳೂರು–ಪುಣೆ ರಸ್ತೆಯ ಸರಕೆಲ್ಲ ಇಲ್ಲಿಯೇ ಹಾಯಬೇಕು. ದುರ್ಗದಲ್ಲಿ ಅದನ್ನು ಹಳೆಯ 13ನೇ ನಂಬರಿನ ಸೊಲ್ಲಾಪುರ–ಮಂಗಳೂರು ಹೆದ್ದಾರಿ ಕೂಡುತ್ತದೆ. ಇಂಥ ಕಡೆ ರಸ್ತೆಬದಿಯ ಶೆಡ್ಡಿಗೆ ಬರುವ ದೂರುಗಳಲ್ಲಿ ಒಂದು ಮಾಮೂಲಿನದು: “ಹಬ್ ಕಾಯ್ತಾ ಐತೆ, ನೋಡಣ್ಣಾ.”

ಈ ದೂರು ಲಾರಿಗಿಂತ ಹಳೆಯದು. ಎತ್ತಿನ ಗಾಡಿಯಲ್ಲಿ ಕಬ್ಬಿಣದ ಅಚ್ಚು ಚಕ್ರದ ಗುಂಬದೊಳಗೆ ನೇರವಾಗಿ ಉಜ್ಜುತ್ತಿತ್ತು. ಮದ್ದು ಕೀಲೆಣ್ಣೆ: ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿದ್ದು. ಗಾಡಿಯಡಿ ತೂಗುವ ಬಿದಿರ ಗೊಟ್ಟದಲ್ಲಿ ಅದು ಜೊತೆಗೇ ಹೋಗುತ್ತಿತ್ತು. ಧೂಳು ತಡೆಯುವ ಏರ್ಪಾಡು ಏನೂ ಇರಲಿಲ್ಲ. ಎತ್ತಿನ ನಡಿಗೆಗೆ ಅಷ್ಟೇ ಸಾಕಿತ್ತು.

ಹಿರಿಯೂರಿನ ಬಳಿ ಮಾರಿಕಣಿವೆ ಅಣೆಕಟ್ಟಿನ ಕೆಲಸ ಶುರುವಾದ ಆಸುಪಾಸಿನಲ್ಲೇ, 1898ರಲ್ಲಿ, ಅಮೆರಿಕದ ಸೇಂಟ್ ಲೂಯಿಸಿನಲ್ಲಿ ಹೆನ್ರಿ ಟಿಮ್ಕೆನ್ ಎಂಬಾತ ತನ್ನ ಸಂಬಂಧಿಯೊಬ್ಬನ ಜೊತೆ ಟೇಪರ್ ರೋಲರ್ ಬೇರಿಂಗಿಗೆ ಪೇಟೆಂಟ್ ಪಡೆದ. ಆತ ಮೋಟಾರಿನವನಲ್ಲ, ಕುದುರೆಗಾಡಿ ಕಟ್ಟುವವನು. ಗಾಡಿ ತಿರುವಿನಲ್ಲಿ ಹೊರಳುವಾಗ ಚಕ್ರದ ಮೇಲೆ ಮೇಲಿನ ಭಾರದ ಜೊತೆಗೆ ಪಕ್ಕದ ಒತ್ತಡವೂ ಬೀಳುತ್ತದೆ. ಒಂದು ತುದಿ ಸಣ್ಣಗಿರುವ ಉರುಳೆಗಳನ್ನು ಓರೆಯಾಗಿ ಜೋಡಿಸಿದರೆ ಒಂದೇ ಬೇರಿಂಗು ಎರಡನ್ನೂ ಹೊರುತ್ತದೆ. ನಮ್ಮ ಲಾರಿಗಳ ಹಬ್ಬಿನೊಳಗೆ ಎದುರುಬದುರಾಗಿ ಕೂತಿರುವ ‘ಕಪ್ಪು-ಕೋನು’ (ಹೊರಬಳೆ, ಉರುಳೆ ಕೂತ ಒಳಬಳೆ) ಜೋಡಿಗಳು ಆ ಗಾಡಿ ಕಟ್ಟುವವನ ಕಾಣಿಕೆ.

ಬೇರಿಂಗು ಬಂದ ಮೇಲೆ ಅದನ್ನು ಕಾಯುವವರು ಬೇಕಾದರು. ಮೊದಲಿಗೆ ಆ ಕೆಲಸ ತೊಗಲಿನದು. ಜರ್ಮನಿಯ ಫ್ರಾಯ್ಡೆನ್‌ಬರ್ಗ್ ಎಂಬ ತೊಗಲು ಹದಮಾಡುವ ಕಂಪನಿಯೇ 1929ರಲ್ಲಿ ತೊಗಲಿನ ತುಟಿಯ ಸೀಲು ತಂದು, ಕೆಲವೇ ವರ್ಷಗಳಲ್ಲಿ ಕೃತಕ ರಬ್ಬರಿಗೆ ಹೊರಳಿತು. 40ರ ದಶಕದಲ್ಲಿ ಲೀಥಿಯಂ ಗ್ರೀಸ್ ಬಂತು. ಹಳೆಯ ಸುಣ್ಣದ ಗ್ರೀಸು ಬ್ರೇಕಿನ ಕಾವಿಗೆ ನೀರಾಗುತ್ತಿತ್ತು, ಇದು ನಿಲ್ಲುತ್ತದೆ. 1954ರಲ್ಲಿ ಜಮ್‌ಶೆಡ್‌ಪುರದಿಂದ ಟಾಟಾ-ಬೆಂಜ್ ಲಾರಿಗಳು ಹೊರಬಿದ್ದು ನಮ್ಮ ರಸ್ತೆಗಿಳಿದವು.

ಈಗ ಶೆಡ್ಡಿಗೆ ಬರೋಣ. ಹಿಂದಿನ ಚಕ್ರ. ಜಾಕಿ ಕೊಟ್ಟು, ಸ್ಟ್ಯಾಂಡ್ ನಿಲ್ಲಿಸಿ, ಆಕ್ಸಲ್ ಶಾಫ್ಟ್ ಎಳೆದು, ಲಾಕ್ ವಾಷರ್ ಬಿಡಿಸಿ ಹಬ್ ಈಚೆ ತಂದರೆ ಮೇಸ್ತ್ರಿ ಮೊದಲು ನೋಡುವುದು ಬೇರಿಂಗನ್ನಲ್ಲ, ಬ್ರೇಕ್ ಲೈನರನ್ನು. ಅದು ಒದ್ದೆಯಾಗಿ ಮಿನುಗುತ್ತಿದ್ದರೆ ಕ್ರೌನಿನ (ಡಿಫರೆನ್ಷಿಯಲ್‌ನ) ಆಯಿಲು ಸೀಲನ್ನು ದಾಟಿ ಬಂದಿದೆ ಎಂದರ್ಥ. ಆಮೇಲೆ ಕೋನನ್ನು ಡೀಸೆಲ್‌ನಲ್ಲಿ ತೊಳೆದು ಬೆಳಕಿಗೆ ಹಿಡಿಯುತ್ತಾನೆ. ಉರುಳೆ ನೀಲಿಗಟ್ಟಿದ್ದರೆ ವಿಪರೀತ ಕಾದದ್ದು, ಕಪ್ಪಿನ ಮೈ ಸಿಡುಬಿನ ಕಲೆಯಂತೆ ಕಿತ್ತಿದ್ದರೆ ದಣಿದದ್ದು. ಕಪ್ಪು, ಕೋನು ಎರಡನ್ನೂ ಜೊತೆಗೇ ಬದಲಿಸಬೇಕು. ಸೀಲಿನ ತುಟಿ ಉಜ್ಜುವ ಜಾಗದಲ್ಲಿ ಉಗುರಿಗೆ ಸಿಗುವಷ್ಟು ಗೀರು ಬಿದ್ದಿದ್ದರೆ ಹೊಸ ಸೀಲೂ ನಿಲ್ಲದು.

ಕೊನೆಗೆ ನಟ್. ಬಿಗಿಯುತ್ತಾ ಚಕ್ರ ತಿರುಗಿಸಿ ಉರುಳೆಗಳನ್ನು ಕೂರಿಸಿ, ಮತ್ತೆ ತುಸು ಸಡಿಲಿಸಬೇಕು. ಅಮೆರಿಕದ ಲಾರಿ ತಂತ್ರಜ್ಞರು ಹೇಳುವ ಅಳತೆಯಂತೆ ಉಳಿಯಬೇಕಾದ ಪ್ಲೇ (ಅಲುಗಾಟ) ಒಂದು ಇಂಚಿನ ಸಾವಿರ ಭಾಗಗಳಲ್ಲಿ 1ರಿಂದ 5 ಭಾಗ. ಡಯಲ್ ಗೇಜಿಲ್ಲದೆ ಇದು ಕಣ್ಣಿಗೆ ಕಾಣುವುದಿಲ್ಲ. ರಸ್ತೆಬದಿಯಲ್ಲಿ ಅದನ್ನು ಅಂಗೈಯಿಂದಲೇ ಅಂದಾಜು ಮಾಡುತ್ತಾರೆ. ಅವರ ಕೈಗುಣ ದೊಡ್ಡದು, ಒಪ್ಪೋಣ. ಆದರೂ ಟ್ರೇಲರಿನ ಭಾರಕ್ಕೆ ಅಂದಾಜು ಸಾಲದು ಎಂದೇ ನನ್ನ ಅಭಿಪ್ರಾಯ.

ಭಾರ ಏನು ಮಾಡಬಲ್ಲದೆಂದು ಈ ಜಿಲ್ಲೆ ಕಂಡಿದೆ. ಕಬ್ಬಿಣದ ಅದಿರಿನ ಭರಾಟೆಯ ವರ್ಷಗಳಲ್ಲಿ ಬಂದರಿನತ್ತ ಹೊರಟ ಲಾರಿಗಳು ಹೊಳಲ್ಕೆರೆ ದಾರಿಯಲ್ಲಿ ಸಾಲುಗಟ್ಟುತ್ತಿದ್ದವು. ಮಿತಿಮೀರಿದ ಹೇರಿಕೆಯ ವಿಷಯ ಲೋಕಾಯುಕ್ತ ವರದಿಗೂ ಹೋಯಿತು. 2011ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಗಣಿಗಾರಿಕೆಯನ್ನೂ ನಿಲ್ಲಿಸಿತು. ಬೇರಿಂಗಿನ ಲೆಕ್ಕ ಕಟುವಾದದ್ದು: ರೋಲರ್ ಬೇರಿಂಗಿನ ಮೇಲಿನ ಭಾರ ಇಮ್ಮಡಿಯಾದರೆ ಅದರ ಆಯಸ್ಸು ಸುಮಾರು ಹತ್ತನೇ ಒಂದು ಪಾಲಿಗೆ ಇಳಿಯುತ್ತದೆ.

ಹೊಸ ಲಾರಿಗಳಲ್ಲಿ ಬೇರಿಂಗು, ಸೀಲು, ಗ್ರೀಸು ಒಟ್ಟಿಗೇ ಮುಚ್ಚಿ ಬರುವ ಹಬ್ಬುಗಳೂ ಬಂದಿವೆ. ಆದರೆ ಬಿಚ್ಚಿ ಕಟ್ಟುವ ಹಬ್ಬುಗಳು ಇನ್ನೂ ಬೇಕಾದಷ್ಟಿವೆ. ಆದ್ದರಿಂದ ಲಾರಿ ಮಾಲೀಕರಲ್ಲಿ ಒಂದು ಮಾತು: ಲೈನರ್ ಕೆಲಸಕ್ಕೆ ಹಬ್ ಬಿಚ್ಚಿಸಿದ ದಿನವೇ ಹೊಸ ಸೀಲು ಹಾಕಿಸಿ, ಹಳೆಯದನ್ನು ತಟ್ಟಿ ಮತ್ತೆ ಕೂರಿಸಲು ಬಿಡಬೇಡಿ. ಎಣ್ಣೆ ಕುಡಿದ ಲೈನರನ್ನು ಪೆಟ್ರೋಲಿನಲ್ಲಿ ತೊಳೆದು ಹಾಕುತ್ತೇವೆಂದರೆ ಒಪ್ಪಬೇಡಿ, ಅದು ಮೊದಲಿನಂತೆ ಹಿಡಿಯುವುದಿಲ್ಲ.