ಬೋಟಿನ ಎಂಜಿನ್: ಹೊಸದು ತರುವುದೋ, ಹಳೆಯದನ್ನೇ ಬಿಚ್ಚಿ ಕಟ್ಟಿಸುವುದೋ?

ಕೇರಳದಲ್ಲಿ ಟ್ರಾಲಿಂಗ್ ನಿಷೇಧ ಜೂನ್ 9ರ ಮಧ್ಯರಾತ್ರಿಯಿಂದ ಜುಲೈ 31ರ ವರೆಗೆ, ಒಟ್ಟು 52 ದಿನ. ಮಂಜೇಶ್ವರ, ಕಾಸರಗೋಡು ಕಡೆಯ ಬೋಟು ಮಾಲಕರಿಗೆ ಎಂಜಿನ್ ಕೆಲಸಕ್ಕೆ ಸಿಗುವ ಬಿಡುವು ಇಷ್ಟೇ. ತಲಪಾಡಿಯಾಚೆ ಕರ್ನಾಟಕದಲ್ಲಿ ನಿಷೇಧ ಜೂನ್ 1ಕ್ಕೇ ಶುರುವಾಗುತ್ತದೆ. ಹಾಗಾಗಿ ನಮ್ಮವರು ಎಂಜಿನ್ ಇಳಿಸಿ ಮಂಗಳೂರಿಗೆ ಸಾಗಿಸುವಷ್ಟರಲ್ಲಿ ಅಲ್ಲಿಯ ಬೋಟುಗಳ ಎಂಜಿನ್‌ಗಳು ಮೊದಲೇ ಸಾಲಿನಲ್ಲಿರುತ್ತವೆ. ಅವಸರದಲ್ಲಿ ತೀರ್ಮಾನ ಆಗುತ್ತದೆ. ತೀರ್ಮಾನ ತಪ್ಪಿದರೆ ಆಗಸ್ಟ್, ಸೆಪ್ಟೆಂಬರಿನ ಮೀನು ಕೈತಪ್ಪುತ್ತದೆ. ಬೋಟಿನಲ್ಲಿ ದುಡಿಯುವವರ ಪಾಲೂ ಅದರೊಂದಿಗೆ ಹೋಗುತ್ತದೆ.

ನನ್ನ ಸೋದರಮಾವನಿಗೆ ಹೀಗೇ ಆಯಿತು. ಎಂಜಿನ್ ಹೊಗೆ ಬಿಡುತ್ತಿತ್ತು, ಆಯಿಲ್ ಕುಡಿಯುತ್ತಿತ್ತು. ವರ್ಕ್‌ಶಾಪಿನವರು ಹೊಸ ಲೈನರ್, ಪಿಸ್ಟನ್, ರಿಂಗ್, ಬೇರಿಂಗ್ ಎಲ್ಲ ಹಾಕಿ, ಬಣ್ಣ ಹೊಡೆದು ಕೊಟ್ಟರು. ಅಕ್ಟೋಬರಿನಲ್ಲಿ ಆಯಿಲಿನ ಬಣ್ಣ ಹಾಲು ಹಾಕಿದ ಚಹಾದಂತಾಯಿತು. ಬಿಚ್ಚಿ ನೋಡಿದರೆ, ಲೈನರಿನ ಬುಡ ಕೂರುವ ಜಾಗದಲ್ಲಿ ಬ್ಲಾಕನ್ನು ಉಪ್ಪು ತಿಂದಿತ್ತು. ರಬ್ಬರ್ ರಿಂಗ್ ನಿಲ್ಲುವಷ್ಟೂ ನಯ ಉಳಿದಿರಲಿಲ್ಲ, ನೀರು ನೇರ ಆಯಿಲಿಗೆ ಇಳಿಯುತ್ತಿತ್ತು. ಒಳಗೆ ಹಾಕಿದ್ದು ಹೊಸ ಸಾಮಾನೇ. ಆದರೆ ಅದನ್ನು ಹೊತ್ತ ಬ್ಲಾಕ್ ಸತ್ತಿತ್ತು. ಕೊನೆಗೆ ಹೊಸ ಎಂಜಿನನ್ನೇ ತಂದರು. ದುಡ್ಡು ಎರಡು ಸಲ ಹೋಯಿತು.

ಆದ್ದರಿಂದ ಮೊದಲು ಕೇಳಬೇಕಾದ್ದು ಎಂಜಿನಿಗೆ ಎಷ್ಟು ವರ್ಷವಾಯಿತು ಎಂದಲ್ಲ, ಅದರೊಳಗೆ ಯಾವ ನೀರು ಓಡಿದೆ ಎಂದು. ಕೆಲವು ಎಂಜಿನ್‌ಗಳಲ್ಲಿ ಸಮುದ್ರದ ನೀರೇ ಬ್ಲಾಕಿನೊಳಗೆ ಸುತ್ತಿ ಹೊರಬೀಳುತ್ತದೆ. ಇನ್ನು ಕೆಲವುಗಳಲ್ಲಿ ಸಿಹಿನೀರು ಒಳಗೇ ಸುತ್ತುತ್ತದೆ, ಉಪ್ಪುನೀರು ಬೇರೊಂದು ಪೆಟ್ಟಿಗೆಯಲ್ಲಿ ಅಥವಾ ಬೋಟಿನ ತಳದ ಪೈಪಿನ ಹೊರಗೆ ನಿಂತು ಅದನ್ನು ತಂಪು ಮಾಡುತ್ತದೆ. ಎರಡನೆಯ ಬಗೆಯದು ಹತ್ತು ಹದಿನೈದು ವರ್ಷ ದುಡಿದಿದ್ದರೂ ಕಟ್ಟಿಸಲು ಯೋಗ್ಯವಾಗಿರಬಹುದು. ಮೊದಲನೆಯದರಲ್ಲಿ ಗೋಡೆ ಎಷ್ಟು ದಪ್ಪ ಉಳಿದಿದೆ ಎಂಬುದು ಕಣ್ಣಿಗೆ ಕಾಣುವುದಿಲ್ಲ. ಹೆಡ್ಡಿಗೂ ಬ್ಲಾಕಿಗೂ ನೀರಿನ ಒತ್ತಡ ಕೊಟ್ಟು ಪರೀಕ್ಷಿಸದೆ ಒಂದು ಲೈನರನ್ನೂ ತರಿಸಬಾರದು.

ಗೋವಾ ಕಡೆ ಕಾಣುವ ಮೋಜಿನ ಹಾಯಿದೋಣಿಗಳಲ್ಲೂ ಡೀಸೆಲ್ ಎಂಜಿನ್ ಇರುತ್ತದೆ. ಗಾಳಿಯಿದ್ದಾಗ ಅದಕ್ಕೆ ಕೆಲಸವಿಲ್ಲ, ವರ್ಷಕ್ಕೆ ನೂರು ಇನ್ನೂರು ಗಂಟೆ ಓಡಿದರೆ ಹೆಚ್ಚು. ಅಂಥ ಎಂಜಿನ್ ಸವೆದು ಸಾಯುವುದು ಅಪರೂಪ, ಕುಳಿತಲ್ಲೇ ತುಕ್ಕು ಹಿಡಿದು ಸಾಯುತ್ತದೆ. ನಮ್ಮ ಬೋಟುಗಳದ್ದು ದುಡಿದು ಸವೆಯುವ ಎಂಜಿನ್. ಆದರೂ ಒಳಗೆ ಉಪ್ಪುನೀರು ಬಿಟ್ಟು 52 ದಿನ ಹಾಗೇ ನಿಲ್ಲಿಸಿದರೆ ಹಾಯಿದೋಣಿಯ ರೋಗ ಇದಕ್ಕೂ ಬರುತ್ತದೆ. ನಿಷೇಧದ ಮೊದಲ ದಿನವೇ ಸಿಹಿನೀರಿನಲ್ಲಿ ತೊಳೆಯುವುದಕ್ಕೆ ಖರ್ಚೇನೂ ಇಲ್ಲ.

ಎಂಜಿನ್ ಇಳಿಸುವ ಮೊದಲು ರೋಗ ಎಂಜಿನಿನದ್ದೇ ಹೌದೋ ಎಂದೂ ನೋಡಬೇಕು. ಕಪ್ಪು ಹೊಗೆ ಬಂದರೆ ಹೊರೆ ಹೆಚ್ಚಾಗಿದೆ ಅಥವಾ ಗಾಳಿ ಸಾಲುತ್ತಿಲ್ಲ ಎಂದರ್ಥ. ಬೋಟಿನ ತಳಕ್ಕೆ ಚಿಪ್ಪು ಅಂಟಿದ್ದರೂ, ಪ್ರೊಪೆಲ್ಲರ್ ದೊಡ್ಡದಾದರೂ, ನೋಝಲ್ ಕೆಟ್ಟರೂ ಕಪ್ಪು ಹೊಗೆ ಬರುತ್ತದೆ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಬಿಳಿ ಹೊಗೆ ಉರಿಯದ ಡೀಸೆಲ್ ಇರಬಹುದು, ಇಲ್ಲವೇ ನೀರು. ಆಯಿಲ್ ಹಾಕುವ ಮುಚ್ಚಳ ತೆಗೆದಾಗ ಬುಸುಬುಸು ಎಂದು ಹೊಗೆ ನುಗ್ಗಿದರೆ ರಿಂಗ್, ಲೈನರ್ ಸವೆದಿರುವ ಸಂಭವ ಹೆಚ್ಚು. ಆಗ ಪ್ರತಿ ಸಿಲಿಂಡರಿನ ಕಂಪ್ರೆಷನ್ ಅಳೆಸಿ. ತಳ ಕೆರೆಸಿ, ನೋಝಲ್ ಬದಲಿಸಿದರೆ ಮುಗಿಯುವ ಕೆಲಸಕ್ಕೆ ಪೂರ್ತಿ ಎಂಜಿನ್ ಬಿಚ್ಚಿಸಿದವರನ್ನು ನಾನು ನೋಡಿದ್ದೇನೆ.

ಬಿಚ್ಚಿದ ಮೇಲೆ ಬಾಯಿಮಾತು ಸಾಲದು, ಅಳತೆ ಬೇಕು. ಕ್ರ್ಯಾಂಕನ್ನು ಸಾಮಾನ್ಯವಾಗಿ 0.25 ಮಿ.ಮೀ. ಲೆಕ್ಕದಲ್ಲಿ ಹಂತಹಂತವಾಗಿ ಗ್ರೈಂಡ್ ಮಾಡುತ್ತಾರೆ, ಅದಕ್ಕೆ ಸರಿಯಾದ ಬೇರಿಂಗ್ ಸಿಗುತ್ತದೆ. ಹಿಂದೆ ಎಷ್ಟು ಸಲ ಗ್ರೈಂಡ್ ಆಗಿದೆ, ಕಂಪೆನಿ ಹೇಳಿದ ಮಿತಿಗೆ ಇನ್ನೆಷ್ಟು ಬಾಕಿ ಎಂದು ಕೇಳಿ. ಕೊನೆಯ ಹಂತ ಮುಟ್ಟಿದ ಕ್ರ್ಯಾಂಕ್ ಈ ಸಲ ನಡೆದರೂ ಮುಂದಿನ ಸಲಕ್ಕಿಲ್ಲ. ಅಳತೆಯನ್ನು ಕಾಗದದಲ್ಲಿ ಬರೆದು ಕೊಡಲು ಒಪ್ಪದ ವರ್ಕ್‌ಶಾಪಿಗೆ ಎಂಜಿನ್ ಬಿಡಬೇಡಿ. ತೆಗೆದ ಹಳೆಯ ಸಾಮಾನನ್ನೂ ಕೇಳಿ ತನ್ನಿ, ಅದನ್ನು ನೋಡಿದರೆ ಏನು ಬದಲಾಗಿದೆ ಎಂದು ತಿಳಿಯುತ್ತದೆ. ಡೀಸೆಲ್ ಪಂಪಿನ ಕ್ಯಾಲಿಬ್ರೇಷನ್ ಬಿಲ್ಲಿನಲ್ಲಿ ಇದೆಯೋ ಎಂದು ನೋಡಲು ಹೆಚ್ಚಿನವರು ಮರೆಯುತ್ತಾರೆ.

ಹೊಸ ಎಂಜಿನ್ ಮಾರುವವರು ಡೀಸೆಲ್ ಉಳಿತಾಯದ ಮಾತು ಎತ್ತುತ್ತಾರೆ. ಅದು ಸುಳ್ಳಲ್ಲ. ಒಂದು ಎಂಜಿನ್ ಸರಾಸರಿ 80 ಅಶ್ವಶಕ್ತಿಯಲ್ಲಿ ದುಡಿದರೆ ಗಂಟೆಗೆ ಸುಮಾರು 16 ಲೀಟರ್ ಡೀಸೆಲ್ ಬೇಕು. ಸವೆತದಿಂದ ನೂರಕ್ಕೆ ಹತ್ತು ಹೆಚ್ಚು ಕುಡಿಯುತ್ತದೆ ಎಂದಿಟ್ಟುಕೊಳ್ಳಿ. ವರ್ಷಕ್ಕೆ 1,500 ಗಂಟೆಗೆ 2,400 ಲೀಟರ್ ಆಯಿತು. ದೊಡ್ಡ ಮೊತ್ತವೇ. ಆದರೆ ಈ ಲೆಕ್ಕ ಸವೆದ ಎಂಜಿನ್ ಮತ್ತು ಹೊಸದರ ನಡುವಿನದ್ದು. ಸರಿಯಾಗಿ ಕಟ್ಟಿದ ಹಳೆ ಎಂಜಿನ್ ಕೂಡ ಇದರಲ್ಲಿ ಬಹುಪಾಲು ಉಳಿಸಿಕೊಡುತ್ತದೆ. ಹೋಲಿಸಬೇಕಾದ್ದು ಹೊಸದನ್ನು ಕಟ್ಟಿಸಿದ ಎಂಜಿನಿನೊಂದಿಗೆ. ಅಲ್ಲಿ ಅಂತರ ಕಡಿಮೆ.

ಹೊಸದರ ಬೆಲೆ ಎಂಜಿನಿನ ಬೆಲೆಗೇ ನಿಲ್ಲುವುದೂ ಇಲ್ಲ. ಕಾಲು ಕೂರುವ ಜಾಗ ಬೇರೆ, ಹೊಗೆ ಕೊಳವೆ ಬೇರೆ. ಹೊಸ ಎಂಜಿನ್ ಹೆಚ್ಚು ವೇಗವಾಗಿ ತಿರುಗುವಂಥದ್ದಾದರೆ ಗೇರ್ ಬಾಕ್ಸಿನ ಲೆಕ್ಕ ತಪ್ಪುತ್ತದೆ, ಪ್ರೊಪೆಲ್ಲರೂ ಬದಲಾಗಬೇಕು. ಈ ಎಲ್ಲವನ್ನೂ ಒಂದೇ ಚೀಟಿಯಲ್ಲಿ ಬರೆಸಿಕೊಂಡ ಮೇಲೆ ಹೋಲಿಸಿ. ವಾರಂಟಿಯ ಷರತ್ತನ್ನೂ ಓದಿ. ಕಂಪೆನಿಯ ಮೆಕ್ಯಾನಿಕ್ ಎಲ್ಲಿಂದ ಬರಬೇಕು, ಬಿಡಿಭಾಗ ಎಷ್ಟು ದಿನದಲ್ಲಿ ಸಿಗುತ್ತದೆ? ನಮ್ಮ ಕರಾವಳಿಯಲ್ಲಿ ಅಶೋಕ್ ಲೇಲ್ಯಾಂಡ್‌ನಂಥ ಲಾರಿ ಎಂಜಿನ್‌ಗಳನ್ನು ಬೋಟಿಗೆ ಹೊಂದಿಸಿದ್ದು ಸುಮ್ಮನೆ ಅಲ್ಲ. ಅದರ ರಿಂಗ್ ಸೆಟ್ಟು ಲಾರಿ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ, ಕೈ ಹಾಕಬಲ್ಲ ಮೇಸ್ತ್ರಿ ಊರಲ್ಲೇ ಇರುತ್ತಾನೆ.

ನನ್ನ ಅಭಿಪ್ರಾಯ ಹೀಗೆ. ಎಂಜಿನ್ ನಿಮ್ಮದೇ, ಅದರ ಚರಿತ್ರೆ ನಿಮಗೆ ಗೊತ್ತು, ಬ್ಲಾಕ್ ಪರೀಕ್ಷೆಯಲ್ಲಿ ಗೆದ್ದಿದೆ, ಸಾಮಾನು ಹತ್ತಿರದಲ್ಲಿ ಸಿಗುತ್ತದೆ, ಖರ್ಚು ಹೊಸದರ ಒಟ್ಟು ವೆಚ್ಚದ ಅರ್ಧ ದಾಟುವುದಿಲ್ಲ ಎಂದಾದರೆ ಕಟ್ಟಿಸಿ. ಬ್ಲಾಕಿನಲ್ಲಿ ವರ್ಷಗಟ್ಟಲೆ ಉಪ್ಪುನೀರು ಓಡಿದ್ದರೆ, ಹಿಂದೆ ಎರಡು ಸಲ ಕಟ್ಟಿಸಿ ಆಗಿದ್ದರೆ, ಅಥವಾ ಸಾಮಾನಿಗೆ ಗುಜರಿ ಹುಡುಕುವ ಸ್ಥಿತಿ ಬಂದಿದ್ದರೆ ಸಾಲ ಮಾಡಿಯಾದರೂ ಹೊಸದೇ ಲೇಸು. ಬೇರೆಯವರ ಬೋಟಿನಿಂದ ಇಳಿಸಿ ‘ರೀಕಂಡೀಷನ್’ ಎಂದು ಬಣ್ಣ ಬಳಿದು ಮಾರುವ ಎಂಜಿನ್ ಮಾತ್ರ, ಹೆಡ್ ಬಿಚ್ಚಿ ತೋರಿಸದಿದ್ದರೆ, ಎಷ್ಟು ಅಗ್ಗವಾದರೂ ಬೇಡ.

ಎಂಜಿನ್ ಬದಲಾದರೆ ಅದರ ನಂಬ್ರವೂ ಅಶ್ವಶಕ್ತಿಯೂ ಬೋಟಿನ ನೋಂದಣಿಯಲ್ಲಿ, ವಿಮೆಯಲ್ಲಿ ತಿದ್ದಿಸಲ್ಪಡಬೇಕು. ಮಂಗಳೂರಿನಲ್ಲಿ ಕೊಂಡರೂ ಕಾಗದ ಹೋಗುವುದು ಕೇರಳದ ಮೀನುಗಾರಿಕಾ ಇಲಾಖೆಗೆ. ಎಂಜಿನ್ ನಂಬ್ರ ಬರೆದ ಬಿಲ್ಲನ್ನು ಅಂಗಡಿಯಲ್ಲೇ ಕೇಳಿ ಪಡೆಯಿರಿ. ಮಳೆಯಲ್ಲಿ ಅದಕ್ಕಾಗಿ ಮತ್ತೆ ಗಡಿ ದಾಟುವುದು ತಪ್ಪುತ್ತದೆ.

ಕಟ್ಟಿಸಿದ್ದಾಗಲಿ ಹೊಸದಾಗಲಿ, ಜುಲೈ 20ರ ಹೊತ್ತಿಗೆ ಬೋಟಿನಲ್ಲಿ ಕೂರಲಿ. ದಕ್ಕೆಯಲ್ಲಿ ಕಟ್ಟಿ ಗಂಟೆಗಟ್ಟಲೆ ಸುಮ್ಮನೆ ಐಡಲ್ ಓಡಿಸಬೇಡಿ. ಹೊರೆಯಿಲ್ಲದೆ ಓಡಿದರೆ ಲೈನರ್ ಗಾಜಿನಂತೆ ನುಣುಪಾಗಿ ರಿಂಗ್ ಕೂರುವುದಿಲ್ಲ, ಆಯಿಲ್ ಕುಡಿಯುವ ಚಾಳಿ ಉಳಿಯುತ್ತದೆ. ನಿಷೇಧ ಮುಗಿದ ಮೊದಲ ದಿನಗಳಲ್ಲಿ ದಡದ ಹತ್ತಿರವೇ ಸಾಧಾರಣ ಹೊರೆಯಲ್ಲಿ ಓಡಿಸಿ, ಸುಮಾರು 50 ಗಂಟೆಯಾದಾಗ ಆಯಿಲ್, ಫಿಲ್ಟರ್ ಬದಲಿಸಿ. ಇಳಿಸಿದ ಆಯಿಲನ್ನು ಬಿಳಿ ಬಟ್ಟೆಯ ಮೇಲೆ ಹಾಕಿ, ಹಾಲಿನ ಬಣ್ಣವೋ ಲೋಹದ ಹೊಳಪೋ ಕಂಡರೆ ಆಳಕ್ಕೆ ಹೋಗದೆ ಆವತ್ತೇ ವರ್ಕ್‌ಶಾಪಿಗೆ ಫೋನು ಮಾಡಿ.